ನಮ್ಮ ಎದೆಯ ಖಾತೆ

ಕನ್ನಡದಲ್ಲಿ 'ಕೊಬ್ಬು' ಅನ್ನೋ ಮಾತಿಗೆ ಎರಡು ಅರ್ಥ. ಒಂದು ಮೈಯೊಳಗಿನ ಜಿಡ್ಡು. ಇನ್ನೊಂದನ್ನು ನಮ್ಮ ಕೇರಿಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೂಲಿ ಹೆಚ್ಚು ಕೇಳಿದರೆ ಕೊಬ್ಬು, ಹೊಸ ಅಂಗಿ ತೊಟ್ಟರೆ ಕೊಬ್ಬು, ಗೌಡರ ಮನೆ ಮುಂದೆ ಸೈಕಲ್ ಇಳಿಯದೆ ಹೋದರೆ 'ಕೇರಿಯೋರಿಗೆ ಕೊಬ್ಬು ಜಾಸ್ತಿ ಆಗೈತೆ'. ಹಸಿದ ಮೈಗಳಿಗೆ ಅಷ್ಟು ಕೊಬ್ಬು ಎಲ್ಲಿಂದ ಬಂತೋ! ಈಗ ರಕ್ತ ಪರೀಕ್ಷೆಯ ಚೀಟಿ ಬಂದಿದೆ. ಅದರಲ್ಲಿರೋದು ನಿಜವಾದ ಕೊಬ್ಬಿನ ಲೆಕ್ಕ. ಅದನ್ನು ಮಾತ್ರ ನಮಗೆ ಓದಿ ಹೇಳೋರಿಲ್ಲ.

ದೊಡ್ಡಬಳ್ಳಾಪುರದ ಕಡೆಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆ ನಾವು. ಪಹಣಿ, ಬ್ಯಾಂಕಿನ ಕಾಗದ, ಆಸ್ಪತ್ರೆ ಚೀಟಿ, ಎಲ್ಲಾ ನಮ್ಮ ಕೈಗೇ ಬರುತ್ತವೆ. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಪವರ್‌ಲೂಮಿನಲ್ಲಿ ರಾತ್ರಿ ಪಾಳಿ ಮಾಡಿದ ಮನುಷ್ಯ. ಕಡ್ಡಿಯಂಥ ಮೈ. ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಚೀಟಿ ನೋಡಿ ಅಂದದ್ದು ಇಷ್ಟೇ: 'ನೀವು ತಿನ್ನೋದೇ ಅಂಥದ್ದಲ್ವಾ, ದನದ ಮಾಂಸ ಬಿಡಿ.' ಎಷ್ಟಿದೆ, ಯಾಕಿದೆ, ಮುಂದೇನು, ಒಂದನ್ನೂ ಹೇಳಲಿಲ್ಲ. ದೊಡ್ಡಪ್ಪ ಹೊರಗೆ ಬಂದು ತನ್ನ ಪಕ್ಕೆಲುಬು ಮುಟ್ಟಿಕೊಂಡು ಕೇಳಿದ: 'ನನ್ ಮೈನಾಗೆ ಕೊಬ್ಬು ಎಲ್ಲೈತೆ ತೋರ್ಸ್ಲಾ ಮಗಾ?'

ಆ ಪ್ರಶ್ನೆಗೆ ಉತ್ತರ ಇದೆ. ಕೊಲೆಸ್ಟ್ರಾಲ್ ವಿಷವಲ್ಲ. ಮೈಯ ಪ್ರತಿ ಜೀವಕೋಶದ ಗೋಡೆಗೂ ಅದು ಬೇಕು. ಹೆಚ್ಚಿನ ಪಾಲನ್ನು ನಮ್ಮ ಈಲಿಯೇ ತಯಾರಿಸುತ್ತದೆ. ರಕ್ತದಲ್ಲಿ ಜಿಡ್ಡು ಕರಗದು, ಹೊರೋಕೆ ಹಮಾಲಿಗಳು ಬೇಕು. ಎಲ್‌ಡಿಎಲ್ ಅನ್ನೋದು ಈಲಿಯಿಂದ ಮೈಗೆಲ್ಲ ಹೊತ್ತು ಹಂಚುವ ಹಮಾಲಿ. ಮೂಟೆ ಹೆಚ್ಚಾದರೆ ರಕ್ತನಾಳದ ಗೋಡೆಯೊಳಗೇ ಇಳಿಸಿಬಿಡುತ್ತದೆ. ಎಚ್‌ಡಿಎಲ್ ಮಿಕ್ಕಿದ್ದನ್ನು ಈಲಿಗೆ ವಾಪಸು ಹೊರುತ್ತದೆ. ಗೋಡೆಯೊಳಗೆ ಇಳಿದದ್ದು ವರ್ಷಾನುಗಟ್ಟಲೆ ಸದ್ದಿಲ್ಲದೆ ಗಂಟಾಗುತ್ತದೆ. ನೋವಿಲ್ಲ, ಜ್ವರವಿಲ್ಲ. ಒಂದು ದಿನ ಗಂಟು ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ ಹೃದಯದ ದಾರಿ ಕಟ್ಟಿದರೆ ಅದೇ ಹೃದಯಾಘಾತ. ಹೊಟ್ಟೆಯ ಬೊಜ್ಜು ಕಣ್ಣಿಗೆ ಕಾಣುತ್ತದೆ, ಈ ಗಂಟು ಕಾಣದು. ಕಡ್ಡಿ ಮೈಯಲ್ಲೂ ಕೂರುತ್ತದೆ.

ಚೀಟಿ ಓದುವುದು ಹೀಗೆ. ಲೆಕ್ಕ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅಂತ. ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿರಬೇಕು. ಎಲ್‌ಡಿಎಲ್ 100ರ ಒಳಗಿದ್ದರೆ ಒಳ್ಳೆಯದು, 160 ದಾಟಿದರೆ ಹೆಚ್ಚು, 190 ದಾಟಿದರೆ ಬಹಳ ಹೆಚ್ಚು. ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಇಳಿಯಬಾರದು. ಟ್ರೈಗ್ಲಿಸರೈಡ್ 150ರ ಒಳಗಿರಬೇಕು. ಒಮ್ಮೆ ಹೃದಯಾಘಾತ ಆದವರಿಗೆ ಎಲ್‌ಡಿಎಲ್ ಇನ್ನೂ ಕೆಳಗಿರಬೇಕು. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸೇರಿದರೆ ಅದೇ ಸಂಖ್ಯೆಯ ಅಪಾಯ ಹೆಚ್ಚುತ್ತದೆ.

ಇನ್ನು ತಟ್ಟೆಯ ಮಾತು. ಎಲ್‌ಡಿಎಲ್ ಏರಿಸೋ ಸ್ಯಾಚುರೇಟೆಡ್ ಕೊಬ್ಬು ಮಾಂಸದ ಕೊಬ್ಬಿನಲ್ಲಿದೆ. ತುಪ್ಪ, ಬೆಣ್ಣೆ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಯಲ್ಲೂ ಇದೆ. ತುಪ್ಪದ ಎಲೆಯ ಮುಂದೆ ಕೂತವರಿಗೆ 'ನೀವು ತಿನ್ನೋದೇ ಅಂಥದ್ದು' ಅಂತ ಯಾವ ಡಾಕ್ಟರೂ ಅನ್ನೋಲ್ಲ. ರಕ್ತನಾಳ ಜಾತಿ ಕೇಳೋಲ್ಲ. ಎಷ್ಟು ಜಿಡ್ಡು, ಎಷ್ಟು ವರ್ಷ ಅಂತ ಮಾತ್ರ ಕೇಳುತ್ತದೆ. ಹಾಗಂತ ನಮ್ಮ ತಟ್ಟೆಗೆ ರಿಯಾಯಿತಿ ಇಲ್ಲ. ಕೊಬ್ಬು ತೆಗೆದ ತುಂಡು ಮಿತವಾಗಿ ಸಾರಿಗೆ ಬೀಳಲಿ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಬೋಂಡ ಬೇಡ. ಮುದ್ದೆ, ಹುರುಳಿಕಾಳು, ಅವರೆ, ಸೊಪ್ಪು ನಾರಿನ ಊಟ, ಎದೆಗೆ ಒಳ್ಳೆಯದು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸುತ್ತ ರಾಗಿ ಹೊಲ ಲೇಔಟಾಗಿ, ಹೊಲದಲ್ಲಿ ಬಗ್ಗಿದ ಬೆನ್ನುಗಳು ಸೆಕ್ಯೂರಿಟಿ ಕುರ್ಚಿಯಲ್ಲಿ ಕೂತಿವೆ. ಆ ಬದಲಾವಣೆಯೂ ರಕ್ತಕ್ಕೆ ಗೊತ್ತಾಗುತ್ತದೆ.

ಊಟ ಬದಲಿಸಿದರೂ ಇಳಿಯದವರಿಗೆ ಮಾತ್ರೆ ಇದೆ. ಜಪಾನಿನ ರೈತರ ಮನೆಯ ಮಗ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಜಾಲಾಡಿ, 1973ರಲ್ಲಿ, ಅಕ್ಕಿಯಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ಈಲಿಯ ಕೊಲೆಸ್ಟ್ರಾಲ್ ತಯಾರಿಗೆ ತಡೆ ಹಾಕುವ ವಸ್ತು ತೆಗೆದರು. ಸ್ಟ್ಯಾಟಿನ್ ಮಾತ್ರೆಗಳ ವಂಶ ಶುರುವಾದದ್ದು ಹಾಗೆ. ಈಗ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ದೊಡ್ಡಪ್ಪನ ಎಲ್‌ಡಿಎಲ್ 178 ಇತ್ತು. ಇನ್ನೊಬ್ಬ ಡಾಕ್ಟರು ಕೂರಿಸಿ, ವಿವರಿಸಿ, ಬರೆದುಕೊಟ್ಟರು. ಬೀಡಿ ಬಿಡಿಸೋದೇ ದೊಡ್ಡ ಹೋರಾಟವಾಗಿದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಜನ ಹೆದರಿ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗಲೂ ನಿಂತರು. ಭಯ ಒಂದು ತಿಂಗಳಿಗೆ ಇಳಿಯುತ್ತದೆ, ಗಂಟು ಇಳಿಯೋಲ್ಲ. ಎದೆ ಹಿಂಡಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ 'ಗ್ಯಾಸು' ಅಂತ ಸೋಡಾ ಕುಡಿದು ಮಲಗಬಾರದು. ಬನ್ನೇರುಘಟ್ಟ ರಸ್ತೆಯ ಜಯದೇವ ನಮಗೆ ನಗರದ ಆಚೆ ತುದಿ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಬೇಕು. 2023ರಲ್ಲಿ ಪುನೀತ್ ಹೆಸರಲ್ಲೇ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ, ಸೇರಿದ ಸರ್ಕಾರಿ ಆಸ್ಪತ್ರೆಗಳು ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತವೆ. ನಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಇವತ್ತೇ ಹೋಗಿ ಕೇಳಬೇಕು. ಇಲ್ಲದಿದ್ದರೆ ಅರ್ಜಿ ಹಿಡಿದು ನಿಲ್ಲಬೇಕು.

ನಮ್ಮ ಹಿರಿಯರು ಸಾಹುಕಾರನ ಖಾತೆಗೆ ಓದದೆ ಹೆಬ್ಬೆಟ್ಟು ಒತ್ತಿದರು. ಅವನು ಹೇಳಿದ್ದೇ ಸಾಲ. ಗೆಳೆಯರೆ, ಶಾಲೆಯ ಮೇಷ್ಟ್ರೇ, ಈ ಖಾತೆ ನಮ್ಮದೇ ರಕ್ತದಲ್ಲಿ ಬರೆದದ್ದು. ಭಾನುವಾರ ಒಂದು ಗಂಟೆ ಕೇರಿಯ ಕಟ್ಟೆ ಮೇಲೆ ಕೂರೋಣ. ಮನೆಮನೆಯ ಚೀಟಿ ತರಿಸಿ, ಒಂದೊಂದು ಸಂಖ್ಯೆಯನ್ನೂ ಗಟ್ಟಿಯಾಗಿ ಓದಿ ಹೇಳೋಣ.