ಬೇಸಿಗೆ ರಜೆಗೆ ನವೆಂಬರ್‌ನಲ್ಲೇ ಅರ್ಜಿ

"ಮಾಮಾ, ಎಂಟು ಸಾವಿರ ಹಾಕ್ತೀಯಾ? ಇಂಟರ್ನ್‌ಶಿಪ್‌ಗೆ ಫೀಸ್ ಕಟ್ಟಬೇಕು."

ಅಕ್ಕನ ಮಗಳು ಬಯೋಮೆಡಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ. ಅವಳು ಕಳಿಸಿದ ಲಿಂಕ್ ನೋಡಿದೆ. ನಾಲ್ಕು ವಾರ ವಿಡಿಯೋ, ಕೊನೆಗೊಂದು ಬಣ್ಣಬಣ್ಣದ ಸರ್ಟಿಫಿಕೇಟ್. ದುಡಿಯೋಳೂ ಇವಳೇ, ದುಡ್ಡು ಕೊಡೋಳೂ ಇವಳೇ!

ಬೈಯೋಕೆ ಬಾಯಿ ಬರಲಿಲ್ಲ. ಅವಳ ವಯಸ್ಸಲ್ಲಿ ನನಗೆ ಅಷ್ಟೂ ಗೊತ್ತಿರಲಿಲ್ಲ. ನಮ್ಮ ಕಾಲೇಜಿನ ನೋಟಿಸ್ ಬೋರ್ಡಲ್ಲಿ ಒಂದು ನವೆಂಬರ್‌ನಲ್ಲಿ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಪೋಸ್ಟರ್ ಅಂಟಿಸಿದ್ದರು. ಕೇಳಿದ್ದಕ್ಕೆ ನಮ್ಮ ಸರ್ "ಅದೆಲ್ಲ ಐಐಟಿಯವರಿಗಪ್ಪಾ" ಅಂದರು. ನಂಬಿದೆ. ಆ ಬೇಸಿಗೆಯೆಲ್ಲ ತಿಪಟೂರು ಕಡೆಯ ನಮ್ಮೂರಲ್ಲಿ, ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಎದ್ದು ತೆಂಗಿಗೆ ನೀರು ಬಿಡೋದರಲ್ಲೇ ಕಳೆಯಿತು. ತೋಟಕ್ಕಂತೂ ಒಳ್ಳೇದಾಯ್ತು ಬಿಡಿ.

ಆಮೇಲೆ ಬೆಂಗಳೂರು, ಕೋಡಿಂಗು. ಆ ಮೂರು ಅಕಾಡೆಮಿಗಳಲ್ಲಿ ಒಂದು ಇಲ್ಲೇ ಸದಾಶಿವನಗರದಲ್ಲಿದೆ, 1934ರಲ್ಲಿ ಸಿ. ವಿ. ರಾಮನ್ ಕಟ್ಟಿದ್ದು. ಉಳಿದೆರಡು ದೆಹಲಿ ಮತ್ತು ಪ್ರಯಾಗರಾಜ್‌ನಲ್ಲಿ. ಮೇಖ್ರಿ ಸರ್ಕಲ್ ಟ್ರಾಫಿಕ್ಕಲ್ಲಿ ವರ್ಷಗಟ್ಟಲೆ ಅದರ ಹತ್ತಿರದಲ್ಲೇ ನಿಂತಿದ್ದೀನಿ, ಒಂದು ದಿನವೂ ಆ ಪೋಸ್ಟರ್ ನೆನಪಾಗಿರಲಿಲ್ಲ.

ಅವಳಿಗೆ ಅದನ್ನೇ ಹೇಳಿದೆ. ಆಯ್ಕೆಯಾದರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಲ್ಯಾಬಲ್ಲಿ ಕೆಲಸ, ಕೈಗೆ ಸ್ಟೈಪೆಂಡ್. ಬಿಇ ಮಕ್ಕಳೂ ಅರ್ಜಿ ಹಾಕಬಹುದು. ಸಿಟಿ ಹುಡುಗರಿಗೆ ಸ್ಟೈಪೆಂಡ್ ಅಂದರೆ ಪಾಕೆಟ್ ಮನಿ ಇರಬಹುದು. ನಮಗದು ಪಿಜಿ ಬಾಡಿಗೆ, ಎರಡು ಹೊತ್ತಿನ ಊಟ. ಸಂಬಳವಿಲ್ಲದ ಇಂಟರ್ನ್‌ಶಿಪ್ ಪುಕ್ಕಟೆ ಅನ್ನಿಸೋದು ಆ ಊರಲ್ಲಿ ಅಪ್ಪನ ಮನೆ ಇರೋರಿಗೆ ಮಾತ್ರ.

ಅವಳೂ ಹುಡುಕಿದಳು. ಅಮೆರಿಕದ ಎನ್‌ಎಸ್‌ಎಫ್ ದುಡ್ಡು ಕೊಡೋ 'ಆರ್‌ಇಯು' ಕಾರ್ಯಕ್ರಮಗಳನ್ನು ನೋಡಿ ಕುಣಿದಾಡಿದಳು. ಕೆಳಗೆ ಸಣ್ಣಕ್ಷರದಲ್ಲಿತ್ತು: ಅಲ್ಲಿನ ನಾಗರಿಕರು, ಗ್ರೀನ್ ಕಾರ್ಡ್‌ನವರಿಗೆ ಮಾತ್ರ. ಜರ್ಮನಿಯ ಡಾಡ್ ಸಂಸ್ಥೆಯ 'ವೈಸ್' ನಮ್ಮ ದೇಶದ ವಿದ್ಯಾರ್ಥಿಗಳಿಗೇ ಇರೋದು, ಆದರೆ ಅಲ್ಲಿನ ಪ್ರೊಫೆಸರ್ ಒಬ್ಬರು ಮೊದಲು ಒಪ್ಪಬೇಕು. ಈ ವರ್ಷ ಅದು ಬೇಡ ಅಂದುಕೊಂಡೆವು.

ಅಕಾಡೆಮಿ ಅರ್ಜಿಗೆ ಏನು ಕೆಲಸ ಮಾಡೋಕೆ ಇಷ್ಟ ಅಂತ ಬರೀಬೇಕು. ಮೊದಲು ಬರೆದದ್ದು 'ಚಿಕ್ಕಂದಿನಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ' ಅಂತ.

"ಅಳಿಸು. ನಿಜವಾಗ್ಲೂ ನಿನ್ನ ತಲೆ ತಿಂದಿದ್ದು ಯಾವುದು ಹೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದು "ಅಜ್ಜಿ ಬೆರಳು" ಅಂದಳು.

2021ರಲ್ಲಿ, ಎರಡನೇ ಅಲೆ. ನಾನು ಬೆಂಗಳೂರಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಅಮ್ಮನ ಜೊತೆ ಇದ್ದವಳು ಇವಳೊಬ್ಬಳೇ. ಆಶಾ ಕಾರ್ಯಕರ್ತೆ ಕೊಟ್ಟುಹೋದ ಪಲ್ಸ್ ಆಕ್ಸಿಮೀಟರ್ ಒಮ್ಮೆ 84 ಅಂತಿತ್ತು, ಇನ್ನೊಮ್ಮೆ 91, ಮತ್ತೊಮ್ಮೆ ಬರೀ ಗೆರೆ. ಆಸ್ಪತ್ರೆಗೆ ಒಯ್ಯಬೇಕೋ ಬೇಡವೋ ತಿಳಿಯದೆ ಎಸ್ಸೆಸ್ಸೆಲ್ಸಿ ಹುಡುಗಿ ರಾತ್ರಿಯಿಡೀ ಅಜ್ಜಿಯ ತಣ್ಣಗಿನ ಬೆರಳು ಉಜ್ಜುತ್ತಾ ಕೂತಿದ್ದಳಂತೆ. ನನಗೆ ಫೋನಲ್ಲಿ ಹೇಳಿದ್ದು "ಅಜ್ಜಿ ಆರಾಮಿದೆ ಮಾಮಾ" ಅಂತಷ್ಟೇ.

ಈಗ ಕಾರಣ ಕಲಿತಿದ್ದಾಳೆ. ಆ ಯಂತ್ರ ಕೆಂಪು ಬೆಳಕು, ಇನ್‌ಫ್ರಾರೆಡ್ ಬೆಳಕು ಎರಡನ್ನೂ ಬೆರಳಿನೊಳಗೆ ಹಾಯಿಸಿ, ನಾಡಿ ಬಡಿದಂತೆಲ್ಲ ರಕ್ತ ಯಾವುದನ್ನು ಎಷ್ಟು ಹೀರಿತು ಅಂತ ಲೆಕ್ಕ ಹಾಕುತ್ತೆ. ಬೆರಳು ತಣ್ಣಗಾಗಿ ರಕ್ತ ಕಡಿಮೆ ಹರಿದರೆ ಸಿಗ್ನಲ್ ಸೊರಗುತ್ತೆ. ಕಪ್ಪು ಚರ್ಮದವರಲ್ಲಿ ಆಕ್ಸಿಜನ್ ಇರೋದಕ್ಕಿಂತ ಜಾಸ್ತಿ ತೋರಿಸಿ ಮೋಸ ಮಾಡಬಹುದು ಅಂತ 2020ರಲ್ಲೇ ಅಮೆರಿಕದ ವೈದ್ಯರು ಬರೆದಿದ್ದರು. ಇಂಥ ಸೊರಗಿದ ಸಿಗ್ನಲ್‌ನಿಂದ ನಂಬೋ ಅಂಥ ಅಂಕಿ ತೆಗೆಯೋದು ಕಲೀಬೇಕು ಅಂತ ಬರೆದಳು. ನಾನು ತಿದ್ದಿದ್ದು ಎರಡು ಸ್ಪೆಲಿಂಗ್ ಮಾತ್ರ.

ಅವಳ ಮೇಡಮ್ಮು ಶಿಫಾರಸು ಪತ್ರ ಕೊಟ್ಟರು. ಸೆಮಿಸ್ಟರ್ ಪರೀಕ್ಷೆ ಜೂನ್ ತನಕ ಎಳೆದರೆ ಏನು ಗತಿ ಅನ್ನೋದಕ್ಕೆ ಮಾತ್ರ ಕಾಲೇಜಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕೊನೇ ದಿನಕ್ಕೆ ಎರಡು ದಿನ ಮುಂಚೆ ಅರ್ಜಿ ಹೋಯಿತು.

ಅಮ್ಮನಿಗೆ ಫೋನ್ ಮಾಡಿದೆ.

"ಎಷ್ಟು ಕಟ್ಟಬೇಕಂತೆ?"

"ಕಟ್ಟೋದಲ್ಲಮ್ಮ, ಅವರೇ ಕೊಡ್ತಾರೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಕಲಿಯೋಕೆ ಹೋದೋರಿಗೆ ಯಾರಪ್ಪ ದುಡ್ಡು ಕೊಡ್ತಾರೆ? ಇನ್ನೊಂದ್ಸಲ ಸರಿಯಾಗಿ ವಿಚಾರಿಸು."