ಸಾಲಾವಳಿ

ನಮ್ಮ ಕಡೆ ಹುಡುಗ ಹುಡುಗಿಯ ಜಾತಕ ಕೂಡಿಬಂದರೆ ಸಾಲಾವಳಿ ಆಯಿತು ಎನ್ನುತ್ತಾರೆ. ದುಬಾರಿ ಹೆಡ್‌ಫೋನುಗಳ ಲೋಕದಲ್ಲೂ ಇಂಥದ್ದೊಂದು ಶಾಸ್ತ್ರವಿದೆ. ಈ ಹೆಡ್‌ಫೋನಿಗೆ ವಾಲ್ವ್ ಆಂಪ್ಲಿಫೈಯರೇ ಆಗಬೇಕು, ಆ ಹೆಡ್‌ಫೋನಿಗೆ ಟ್ರಾನ್ಸಿಸ್ಟರ್‌ನದು ಆದೀತು, ಇವೆರಡನ್ನು ಮಾತ್ರ ಅಪ್ಪಿತಪ್ಪಿಯೂ ಕೂಡಿಸಬೇಡಿ, ಹೀಗೆ. ಹೇಳುವವರ ದನಿಯಲ್ಲಿ ಜೋಯಿಸರ ಗಾಂಭೀರ್ಯವೇ ಇರುತ್ತದೆ. ನಾನು ಜಾನಪದದಲ್ಲಿ ಪಿಎಚ್‌.ಡಿ. ಮಾಡುತ್ತಿರುವವಳು. ಓಮ್, ವೋಲ್ಟ್‌ಗಳ ಸಂಬಂಧ ಹತ್ತನೇ ತರಗತಿಗೇ ಮುಗಿದಿತ್ತು. ಆದರೂ ಎರಡು ವರ್ಷದಿಂದ ಈ ಶಾಸ್ತ್ರದ ಸಹವಾಸ ತಪ್ಪಿಲ್ಲ. ಅದಕ್ಕೆ ಕಾರಣ 41 ಕ್ಯಾಸೆಟ್‌ಗಳು.

ಮಲೆ ಮಾದೇಶ್ವರನ ಕಥೆ ಹಾಡುವ ದೇವರ ಗುಡ್ಡರ ಹಾಡುಗಾರಿಕೆ ಅವು. ನನ್ನ ಮಾರ್ಗದರ್ಶಕರು ತಾವು ವಿದ್ಯಾರ್ಥಿಯಾಗಿದ್ದಾಗ ಕೊಳ್ಳೇಗಾಲದ ಸುತ್ತಿನ ಹಳ್ಳಿಗಳಲ್ಲಿ ಮುದ್ರಿಸಿಕೊಂಡದ್ದು. ಹಾಡಿದ ಮುಖ್ಯ ಗಾಯಕರು ಈಗಿಲ್ಲ. ಆ ಪಠ್ಯವನ್ನು ಅಕ್ಷರಕ್ಕಿಳಿಸುವುದು ನನ್ನ ಪ್ರಬಂಧದ ಅರ್ಧ ಕೆಲಸ. ಮುದ್ರಿಸಿದವರ ಬಳಿ ಇದ್ದದ್ದು ಒಂದೇ ಮೈಕು. ಅದರ ಮುಂದೆ ತಂಬೂರಿ, ದಮ್ಮಡಿ, ನಾಲ್ಕು ಗಂಟಲು, ಜೊತೆಗೆ ಕಂಸಾಳೆ. ಕಂಸಾಳೆಯನ್ನು ಹತ್ತಿರದಿಂದ ಕೇಳಿದವರಿಗೆ ಗೊತ್ತು, ಕಂಚು ಕಂಚಿಗೆ ತಾಗಿದಾಗ ಪಕ್ಕದವನ ಮಾತು ಕೇಳಿಸುವುದಿಲ್ಲ. ಮೈಕಿಗೂ ಅಷ್ಟೇ. ಪ್ರತಿ ಏಟಿಗೂ ಒಂದೊಂದು ಅಕ್ಷರ ಅದರ ಕೆಳಗೆ ಸಿಕ್ಕಿ ಸತ್ತಿರುತ್ತದೆ.

ಎರಡು ನೂರು ರೂಪಾಯಿಯ ಇಯರ್‌ಫೋನಿನಲ್ಲಿ ಮೂರು ಕ್ಯಾಸೆಟ್ ಮುಗಿಸುವ ಹೊತ್ತಿಗೆ ರಾತ್ರಿ ಮಲಗಿದರೂ ಕಿವಿಯಲ್ಲಿ ಕಂಚು ಗುಂಯ್‌ಗುಡುತ್ತಿತ್ತು. ಹಾಸ್ಟೆಲಿನಲ್ಲಿ ನನ್ನ ಎದುರಿನ ಕೋಣೆಯಲ್ಲಿ ಭೌತಶಾಸ್ತ್ರದ ಅಕ್ಕ ಒಬ್ಬರಿದ್ದಾರೆ. ಸಂಶೋಧನೆಯ ಐದನೇ ವರ್ಷ, ಹಾಗಾಗಿ ಯಾರಿಗೂ ಹೆದರುವುದಿಲ್ಲ. ಅವರೇ ಹುಡುಕಿಸಿ ಸೆನ್‌ಹೈಸರ್ ಎಚ್‌ಡಿ 600 ಎಂಬ ಹೆಡ್‌ಫೋನನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಡಿಸಿದರು. ಬಾಕಿ ಬಂದ ಫೆಲೋಶಿಪ್ ಹಣ ಅದೇ ವಾರ ಖಾಲಿ. ಅವರದೇ ಬೇಯರ್‌ಡೈನಾಮಿಕ್ ಡಿಟಿ 990 ಕೂಡ ಇತ್ತು. ಅದರಲ್ಲಿ ಕೇಳಿದರೆ ಕಂಸಾಳೆ ಸೂಜಿಯಾಗುತ್ತಿತ್ತು. ಆ ಹೆಡ್‌ಫೋನು ಮೇಲಿನ ಸ್ವರಗಳನ್ನು ಎತ್ತಿ ತೋರಿಸುತ್ತದೆ, ನನಗೆ ಬೇಕಾದದ್ದು ಅದರ ಉಲ್ಟಾ. 1997ರಲ್ಲಿ ಬಂದ ಎಚ್‌ಡಿ 600ಕ್ಕೆ ಇವತ್ತಿಗೂ ಮರ್ಯಾದೆ ಇರುವುದು ಮನುಷ್ಯರ ದನಿಯನ್ನು ಅದು ಹೆಚ್ಚುಕಡಿಮೆ ಮನುಷ್ಯರ ದನಿಯಾಗಿಯೇ ಬಿಡುತ್ತದೆ ಎಂಬ ಕಾರಣಕ್ಕೆ.

ಲ್ಯಾಪ್‌ಟಾಪಿಗೆ ಚುಚ್ಚಿದೆ. ಗಾಯಕ ಪಕ್ಕದ ಊರಿನಲ್ಲಿ ಕೂತು ಹಾಡುತ್ತಿದ್ದ.

ಅಕ್ಕ ಲೆಕ್ಕ ಹಾಕಿ ತೋರಿಸಿದರು. ಈ ಹೆಡ್‌ಫೋನಿನ ತಡೆ 300 ಓಮ್. ಒಂದು ವೋಲ್ಟ್ ಕೊಟ್ಟರೆ 97 ಡೆಸಿಬೆಲ್ ಸದ್ದು ಬರುತ್ತದೆ. ಕೇಳಲು ಬೇಕಾದಷ್ಟಾಯಿತು ಅನ್ನಿಸುತ್ತದೆ. ಆದರೆ ಆ 97 ಸಿಗುವುದು ಧ್ವನಿಮುದ್ರಣದ ಅತ್ಯಂತ ಜೋರಾದ ಜಾಗಕ್ಕೆ, ಅಂದರೆ ಕಂಸಾಳೆಯ ಏಟಿಗೆ. ನನ್ನ ಗಾಯಕ ಅದಕ್ಕಿಂತ 25, 30 ಡೆಸಿಬೆಲ್ ಕೆಳಗಿದ್ದಾನೆ. ನನ್ನ ಹಳೆಯ ಲ್ಯಾಪ್‌ಟಾಪ್ ಕೊಡುವುದು ಅರ್ಧ ವೋಲ್ಟು, ಅಲ್ಲಿ ಇನ್ನೊಂದು ಆರು ಡೆಸಿಬೆಲ್ ಕಡಿತ. ಉಳಿದದ್ದು ಮೇಜಿನಾಚೆ ಕೂತವರು ಮೆಲ್ಲಗೆ ಆಡಿದ ಮಾತಿನಷ್ಟು. ಎಚ್‌ಡಿ 600ರ ಬೆನ್ನು ತೆರೆದದ್ದು, ಹೊರಗಿನ ಸದ್ದನ್ನು ತಡೆಯುವುದಿಲ್ಲ, ಹಾಸ್ಟೆಲಿನ ಫ್ಯಾನಿನ ಕಟಕಟವೇ ಅದನ್ನು ನುಂಗುತ್ತದೆ. ಆಡಾಸಿಟಿಯಲ್ಲಿ ಸದ್ದು ಏರಿಸಿಕೊಂಡರಾಯಿತಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಕಂಸಾಳೆಯ ಏಟು ಆಗಲೇ ಮೇಲಿನ ಗೆರೆಯನ್ನು ಮುಟ್ಟಿ ನಿಂತಿದೆ. ಏರಿಸಿದರೆ ಅದು ಒಡೆಯುತ್ತದೆ, ಒಡೆದ ಕಂಚಿನ ಸದ್ದು ಇನ್ನಷ್ಟು ಅಕ್ಷರ ತಿನ್ನುತ್ತದೆ. ಆದ್ದರಿಂದ ವೋಲ್ಟೇಜನ್ನು ಫೈಲಿನ ಹೊರಗೆ ಕೊಡಬೇಕು. ಅದೇ ಆಂಪ್ಲಿಫೈಯರಿನ ಕೆಲಸ.

ಇಷ್ಟು ಸಾಲಾವಳಿಯ ಮೊದಲ ಕೂಟ: ಹೆಡ್‌ಫೋನಿನ ಹಸಿವೆಷ್ಟು, ಆಂಪ್ ಬಡಿಸುವುದೆಷ್ಟು. ಹಸಿವಿನಲ್ಲಿ ರಾಕ್ಷಸರೂ ಇದ್ದಾರೆ. ಹೈಫೈಮನ್ ಎಚ್‌ಇ-6 ಎಂಬುದು ಒಂದು ಮಿಲಿವ್ಯಾಟಿಗೆ 83.5 ಡೆಸಿಬೆಲ್ ಮಾತ್ರ ಕೊಡುತ್ತಿತ್ತು. ಅದನ್ನು ಕೊಂಡವರು ಹೆಡ್‌ಫೋನ್ ಆಂಪ್ ಬಿಟ್ಟು ದೊಡ್ಡ ಸ್ಪೀಕರಿನ ಆಂಪಿಗೇ ಕಟ್ಟಿಕೊಂಡರು. ಉಲ್ಟಾ ಕಥೆಯೂ ಇದೆ. ಕಿವಿಯೊಳಗೆ ಕೂರುವ ಸಣ್ಣ, ಚುರುಕು ಇಯರ್‌ಫೋನನ್ನು ಅಂಥ ಆಂಪಿಗೆ ಚುಚ್ಚಿದರೆ ಹಾಡು ಶುರುವಾಗುವ ಮೊದಲೇ ಸುಯ್ ಎಂಬ ಸದ್ದು ಕೇಳುತ್ತದೆ.

ಎರಡನೇ ಕೂಟ ಸ್ವಲ್ಪ ನಾಜೂಕಿನದು. ಹಳ್ಳಿಯಲ್ಲಿ ಬೆಳೆದವರಿಗೆ ಬೇಗ ಅರ್ಥವಾಗುತ್ತದೆ. ಸಂಜೆ ತೋಟದಲ್ಲಿ ಪಂಪ್‌ಸೆಟ್ ಶುರುವಾದರೆ ಮನೆಯ ಬಲ್ಬು ಮಂಕಾಗುತ್ತಿತ್ತು, ನಿಂತರೆ ಬೆಳಗುತ್ತಿತ್ತು. ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಮನೆಯವರೆಗಿನ ಉದ್ದ ತಂತಿಗೂ ಒಂದು ತಡೆಯಿದೆ. ಹೊರೆ ಹೆಚ್ಚಾದಾಗ ವೋಲ್ಟೇಜಿನ ಒಂದು ಪಾಲನ್ನು ತಂತಿಯೇ ತಿಂದುಬಿಡುತ್ತದೆ. ಆಂಪ್ಲಿಫೈಯರಿನೊಳಗೂ ಅಂಥ ತಂತಿಯಿದೆ, ಅದಕ್ಕೆ ಔಟ್‌ಪುಟ್ ಇಂಪಿಡೆನ್ಸ್ ಎನ್ನುತ್ತಾರೆ. ಇನ್ನು ಹೆಡ್‌ಫೋನಿನ ತಡೆ 300 ಓಮ್ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ ಒಂದೇ ಅಲ್ಲ. ಎಚ್‌ಡಿ 600ರಲ್ಲಿ 100 ಹರ್ಟ್ಸ್‌ನ ಆಸುಪಾಸಿಗೆ ಬಂದಾಗ ಅದು ಸುಮಾರು 500ರವರೆಗೆ ಏರುತ್ತದೆ. ತಡೆ ಏರಿದರೆ ಹೊರೆ ಇಳಿಯಿತು, ಪಂಪ್‌ಸೆಟ್ ನಿಂತ ಹಾಗೆ. ಆ ಸ್ವರದ ಬಲ್ಬು ಮಾತ್ರ ತುಸು ಹೆಚ್ಚು ಬೆಳಗುತ್ತದೆ. ಆಂಪಿನ ಒಳತಡೆ ಹೆಡ್‌ಫೋನಿನದರ ಎಂಟನೇ ಒಂದಂಶಕ್ಕಿಂತ ಕಡಿಮೆಯಿದ್ದರೆ ಈ ಏರಿಳಿತ ಗಣನೆಗೆ ಬರುವುದಿಲ್ಲ ಎಂಬುದು ರೂಢಿಯ ಲೆಕ್ಕ. ಹಿಂದೆ ಈ ಲೆಕ್ಕವೇ ಇರಲಿಲ್ಲ. ಹಳೆಯ ರಿಸೀವರುಗಳಲ್ಲಿ ಸ್ಪೀಕರಿಗೆ ಹೋಗುವ ತಂತಿಗೇ ಒಂದು ರೆಸಿಸ್ಟರ್ ಹಾಕಿ ಹೆಡ್‌ಫೋನಿನ ತೂತಿಗೆ ಎಳೆದುಬಿಡುತ್ತಿದ್ದರು. 1996ರ ಐಇಸಿ 61938 ಎಂಬ ಮಾನದಂಡವಂತೂ 120 ಓಮ್ ಇರಲಿ ಎಂದೇ ಹೇಳಿತ್ತು. ಈಗಿನವರು ಒಂದು ಓಮಿಗಿಂತ ಕಡಿಮೆ ಮಾಡಿ ಮೀಸೆ ತಿರುವುತ್ತಾರೆ.

ಜಾತಕದಲ್ಲಿ ನಿಜವಾಗಿ ನೋಡಬೇಕಾದದ್ದು ಈ ಎರಡೇ. ಮಿಕ್ಕ ಮೂವತ್ತನಾಲ್ಕು ಗುಣಗಳ ಬಗ್ಗೆ ನನಗೆ ಅನುಮಾನವಿದೆ.

ಅನುಮಾನ ಪರಿಹರಿಸಿಕೊಳ್ಳಲು ಅಕ್ಕನ ಬಳಿ ಎರಡು ಆಂಪ್‌ಗಳಿದ್ದವು. ಒಂದು ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್, ಒಳತಡೆ 120 ಓಮ್ ಹತ್ತಿರ. ಕತ್ತಲಲ್ಲಿ ದೀಪದ ಹಾಗೆ ಕಾಣುತ್ತದೆ, ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳಬಹುದು. ಇನ್ನೊಂದು ಊಟದ ಡಬ್ಬಿಗಿಂತ ಚಿಕ್ಕದಾದ ಕಪ್ಪು ಪೆಟ್ಟಿಗೆ. ಅದರ ಭಾಗಗಳನ್ನು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಆಯ್ದು ತಂದು ತಾವೇ ಬೆಸುಗೆ ಹಾಕಿದ್ದು. ವಿನ್ಯಾಸದ ಹೆಸರು ಆಬ್ಜೆಕ್ಟಿವ್ 2. ಅದನ್ನು ಮಾಡಿದವನು ತನ್ನನ್ನು ಎನ್‌ಡಬ್ಲ್ಯುಎವಿಗೈ ಎಂದು ಕರೆದುಕೊಂಡ, ಅಸಲಿ ಹೆಸರು ಹೇಳಲಿಲ್ಲ. ಒಳ್ಳೆಯ ಆಂಪಿಗೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ ಎಂದು ಅಳತೆಗಳ ಸಮೇತ ವಾದಿಸಿ, 2011ರಲ್ಲಿ ಇಡೀ ನಕ್ಷೆಯನ್ನು ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟ. ಮರುವರ್ಷ ಮೌನವಾದ, ಮತ್ತೆ ಮಾತಾಡಲಿಲ್ಲ. ಕರ್ತೃವಿನ ಅಂಕಿತವೇ ಇಲ್ಲದ ಕಾವ್ಯಗಳನ್ನು ಓದುವ ನಮಗೆ ಇದೇನು ಹೊಸತಲ್ಲ, ಆದರೂ ಎಂಜಿನಿಯರುಗಳಲ್ಲಿ ಇಂಥವನೊಬ್ಬ ಇದ್ದ ಎಂಬುದು ನನಗೆ ಖುಷಿಯ ಸಂಗತಿ.

ಒಂದು ಭಾನುವಾರ ಪರೀಕ್ಷೆ ನಡೆಸಿದೆವು. ಮಲ್ಟಿಮೀಟರ್ ಹಿಡಿದು ಎರಡೂ ಆಂಪುಗಳ ಸದ್ದನ್ನು ಸಮ ಮಾಡಿದರು. ತುಸು ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಯಾವಾಗಲೂ ಹೇಳುತ್ತದಂತೆ, ಅದಕ್ಕೆ ಮೊದಲು ಆ ಜಗಳ ತೀರಿಸಬೇಕು. ನಾನು ಬೆನ್ನು ತಿರುಗಿಸಿ ಕೂತೆ. ಅವರು ನಾಣ್ಯ ಚಿಮ್ಮಿ, ಹೇಳದೆ ಬದಲಾಯಿಸುತ್ತಾ ಹೋದರು. ಕಂಸಾಳೆಯ ಮೇಲೆ ನನಗೆ ಯಾವ ಭೇದವೂ ತಿಳಿಯಲಿಲ್ಲ. ಗಾಯಕ ಒಬ್ಬನೇ, ಬರಿಯ ತಂಬೂರಿಯ ಮೇಲೆ ಕಥೆ ಹೇಳುವ ಭಾಗ ಹಾಕಿದಾಗ ಮಾತ್ರ ಇಪ್ಪತ್ತರಲ್ಲಿ ಹದಿನಾರು ಸಲ ಸರಿಯಾಗಿ ಹೇಳಿದೆ. ವಾಲ್ವಿನಲ್ಲಿ ಅವನ ಎದೆ ತುಸು ಅಗಲವಾಗಿತ್ತು. ಅಕ್ಕ ನಕ್ಕು ಕಾಗದದ ಮೇಲೆ ಲೆಕ್ಕ ಮಾಡಿದರು. 120 ಓಮ್ ಒಳತಡೆ, ಹೊರಗೆ ಒಂದು ಕಡೆ 300, ಇನ್ನೊಂದು ಕಡೆ 500. ವ್ಯತ್ಯಾಸ ಸುಮಾರು ಒಂದು ಡೆಸಿಬೆಲ್, ಅದೂ 100 ಹರ್ಟ್ಸ್‌ನ ಸುತ್ತ, ಅಂದರೆ ಗಂಡಸಿನ ಗಂಟಲಿನ ತಳ ಇರುವ ಜಾಗದಲ್ಲೇ. ವಾಲ್ವಿನ ಬೆಚ್ಚಗಿನ ದನಿ ಎಂದು ಜನ ಪುಟಗಟ್ಟಲೆ ಬರೆಯುವುದರಲ್ಲಿ ದೊಡ್ಡ ಪಾಲು ಇದೇ ಇರಬೇಕು. ಅದು ಸುಳ್ಳಲ್ಲ, ಮಾಯೆಯೂ ಅಲ್ಲ, ಪಂಪ್‌ಸೆಟ್ ನಿಂತಾಗ ಬೆಳಗಿದ ಬಲ್ಬು. ಬೇಕೆಂದರೆ ಸಾಫ್ಟ್‌ವೇರಿನಲ್ಲಿ ಕಾಸಿಲ್ಲದೆ ಒಂದು ಡೆಸಿಬೆಲ್ ಏರಿಸಿಕೊಳ್ಳಬಹುದು. ಆದರೆ ಅದರಿಂದ ಕೈ ಬೆಚ್ಚಗಾಗುವುದಿಲ್ಲ ಎಂದರು ಅಕ್ಕ.

ಹುಟ್ಟುವಾಗಲೇ ಮದುವೆ ನಿಶ್ಚಯವಾಗಿರುವ ಜೋಡಿಗಳೂ ಉಂಟು. ಸೆನ್‌ಹೈಸರಿನವರೇ 1991ರಲ್ಲಿ ಆರ್ಫಿಯಸ್ ಎಂಬ ಸ್ಥಾಯೀವಿದ್ಯುತ್ತಿನ ಹೆಡ್‌ಫೋನನ್ನು ಅದರದೇ ವಾಲ್ವ್ ಆಂಪಿನ ಜೊತೆಗೇ ಮಾರಿದರು, ಮಾಡಿದ್ದು ಸುಮಾರು 300. ಅಂಥವಕ್ಕೆ ನೂರಾರು ವೋಲ್ಟಿನ ಬೇರೆಯೇ ಏರ್ಪಾಡು ಬೇಕು, ಸಾಮಾನ್ಯ ಆಂಪಿಗೆ ಚುಚ್ಚಲು ಬರುವುದೇ ಇಲ್ಲ. ಆಮೇಲಿನ ಆವೃತ್ತಿಗೆ ಅಮೃತಶಿಲೆಯ ಪೆಟ್ಟಿಗೆ, ಘೋಷಿಸಿದಾಗ ಹೇಳಿದ್ದ ಬೆಲೆ ಸುಮಾರು 50,000 ಯೂರೋ. ಕೇಳುವ ಯೋಗ ನನಗಿಲ್ಲ, ಬೇಸರವೂ ಇಲ್ಲ. ನನ್ನ ಕ್ಯಾಸೆಟ್ಟಿನ ಸ್ವಂತ ಸುಯ್‌ಗುಡುವಿಕೆ ಹಾಡಿಗಿಂತ 50 ಡೆಸಿಬೆಲ್ಲಷ್ಟೇ ಕೆಳಗಿದೆ. ಅದರ ಮುಂದೆ 120 ಡೆಸಿಬೆಲ್ ನಿಶ್ಶಬ್ದದ ಆಂಪ್ ತಂದಿಟ್ಟರೆ ಸೋರುವ ಹಂಚಿನ ಮನೆಗೆ ಇಟಲಿಯ ನೆಲ ಹಾಕಿಸಿದ ಹಾಗೆ.

ಕಪ್ಪು ಪೆಟ್ಟಿಗೆ ನನ್ನ ಮೇಜಿಗೆ ಬಂತು. ಇಪ್ಪತ್ತೆಂಟು ಕ್ಯಾಸೆಟ್ ಸಲೀಸಾಗಿ ಮುಗಿದವು. ಇಪ್ಪತ್ತೊಂಬತ್ತನೆಯದರಲ್ಲಿ ಒಂದು ಪದಕ್ಕೆ ನಿಂತೆ.

ಹೊಳೆಯ ದಾರಿಯಲ್ಲಿ ಹೆಂಗಸೊಬ್ಬಳು ತಲೆಯ ಮೇಲೆ ಏನನ್ನೋ ಹೊತ್ತು ನಡೆಯುತ್ತಾಳೆ. ಆ ಏನೋ ಏನು ಎಂಬುದೇ ಪ್ರಶ್ನೆ. 'ಅರವ' ಎಂದಿದ್ದರೆ ಅರಿವೆ, ಬಟ್ಟೆಯ ಗಂಟು. ಆ ಸೀಮೆಯಲ್ಲಿ ಪದದ ಕೊನೆಯ ಎಕಾರ ಅಕಾರವಾಗುತ್ತದೆ. 'ಅರವಿ' ಎಂದಿದ್ದರೆ ಹರವಿ, ನೀರಿನ ಮಡಕೆ. ಅಲ್ಲಿ ಮೊದಲಿನ ಹಕಾರ ನಿಲ್ಲುವುದಿಲ್ಲ. ಹಕಾರ ಕೇಳಿದ್ದರೆ ತಾನೇ ತೀರ್ಮಾನವಾಗುತ್ತಿತ್ತು, ಆದರೆ ಗಾಯಕ ಅದನ್ನು ಆಡಿಯೇ ಇಲ್ಲ. ಆಡದ ಅಕ್ಷರವನ್ನು ಯಾವ ಆಂಪೂ ತಂದುಕೊಡುವುದಿಲ್ಲ. ಉಳಿದದ್ದು ಕೊನೆಯ ಸ್ವರ. ಅದರ ಮೇಲೆ ಸರಿಯಾಗಿ ಕಂಸಾಳೆಯ ಏಟು. ಮೂರು ದಿನ ಕೇಳಿದೆ. ಹೊಳೆಗೆ ಹೋಗುವವಳು ಎರಡನ್ನೂ ಒಯ್ಯಬಹುದು. ಪ್ರಬಂಧದ ಒಂದು ಅಧ್ಯಾಯ ಆ ಕಥೆಯಲ್ಲಿ ಬರುವ ಕುಂಬಾರರ ಸಂಗತಿಗಳ ಮೇಲೆಯೇ ನಿಂತಿದೆ, ಹಾಗಾಗಿ ಯಾವುದೋ ಒಂದು ಎಂದು ಬರೆದು ಮುಂದೆ ಹೋಗುವಂತಿರಲಿಲ್ಲ.

ಆ ಮೇಳದಲ್ಲಿ ಉಳಿದಿರುವವರು ಒಬ್ಬರೇ, ಎಂಬತ್ತರ ಹತ್ತಿರದ ತಾತ. ಅವರೂರಿಗೆ ಹೋದ ದಿನ ಬೆಳಗಿನಿಂದ ಕರೆಂಟಿರಲಿಲ್ಲ. ಕಪ್ಪು ಪೆಟ್ಟಿಗೆ ಎರಡು ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲೂ ನಡೆಯುತ್ತದೆ. ಮೊದಲು ಫೋನಿನಲ್ಲಿ ಹಾಕಿ ಕೊಟ್ಟೆ. ತಾತ ಫೋನನ್ನು ತಿರುಗಿಸಿ ನೋಡಿ, "ಏನೂ ಕೇಳ್ತಾ ಇಲ್ಲ ಕನವ್ವ" ಎಂದು ವಾಪಸ್ ಕೊಟ್ಟರು. ಹೆಡ್‌ಫೋನು ಹಾಕಿ, ಆಂಪಿನ ನಾಬನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ, ಪ್ರತಿ ಸಲ ಅವರ ಮುಖ ನೋಡುತ್ತಾ ಹೋದೆ. ಮುದಿ ಕಿವಿಗೆ ಒಮ್ಮೆಲೇ ಕಂಚಿನ ಏಟು ಬಿದ್ದೀತು ಎಂಬ ಭಯ ನನಗೆ. ನಾನು ಕೇಳುವ ಮಟ್ಟವನ್ನು ದಾಟಿ ಸಾಕಷ್ಟು ಮುಂದೆ ಹೋದ ಮೇಲೆ ತಾತನ ಹುಬ್ಬು ಎದ್ದವು. "ಇವ್ನು ಅವ್ನೇ," ಎಂದು ಗಾಯಕನ ಹೆಸರು ಹೇಳಿದರು. ಆಮೇಲೆ ನನ್ನ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ, ಬೊಚ್ಚು ಬಾಯಲ್ಲಿ ಸೊಲ್ಲು ಹಿಡಿದರು. ಬಲಗೈ ತೊಡೆಯ ಮೇಲೆ ಎದ್ದು ಬೀಳತೊಡಗಿತು.

ಪದ ಬಂದಾಗ ನಿಲ್ಲಿಸಿ ಕೇಳಿದೆ. ತಾತನಿಗೆ ಅದೊಂದು ಪ್ರಶ್ನೆಯೇ ಅನ್ನಿಸಲಿಲ್ಲ.

"ಅರವಿ ಕನವ್ವ, ಮಡಕ. ಮುಂದ್ಕ ಕೇಳು, ಕತ್ತ ಅಲ್ಲಾಡಿಸ್ದಂಗ ನಡದ್ಲು ಅಂತಾನ. ಬಟ್ಟ ಗಂಟು ಒತ್ಕಂಡೋಳು ಕತ್ತ ಅಂಗ ಇಟ್ಕಂಡಾಳ?"

ನಾನು ಬರೆದುಕೊಂಡೆ. ಮತ್ತೆ ಹಾಕು ಎಂದು ಸನ್ನೆ ಮಾಡಿದರು, ಹಾಕಿದೆ. ಐದು ನಿಮಿಷ ಕೇಳಿ ಒಂದು ಕಡೆಯ ಬಟ್ಟಲನ್ನು ಕಿವಿಯಿಂದ ಸರಿಸಿದರು.

"ಎಲ್ಲಾ ಚೆಂದಾಗದ. ಕಂಸಾಳ ಯಾಕಿಲ್ಲ? ಆವತ್ತು ಕಂಸಾಳ ಯಾರ ಕೈಲಿತ್ತು?"

ಸರಿಸಿದ ಬಟ್ಟಲಿನಿಂದ ಕಂಸಾಳೆ ಅಂಗಳಕ್ಕೆಲ್ಲ ಕೇಳುತ್ತಿತ್ತು. ವಯಸ್ಸಾದ ಕಿವಿಯಲ್ಲಿ ಮೊದಲು ಹೋಗುವುದು ಮೇಲಿನ ಸ್ವರಗಳು. ಎಡಗಿವಿಯ ಪಕ್ಕದಲ್ಲೇ ಐವತ್ತು ವರ್ಷ ಕಂಚು ಬಡಿದವರಿಗೆ ಅವು ಎಂದೋ ಹೋಗಿರಬೇಕು. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ನನ್ನ ಮಾರ್ಗದರ್ಶಕರ ಕೈಬರಹದಲ್ಲಿ ಕಂಸಾಳೆ ಎಂದು ಬರೆದು ಎದುರಿಗೆ ಹೆಸರಿತ್ತು.

"ನಿಮ್ಮ ಕೈಲೇ ತಾತ," ಎಂದೆ.

ತಾತ ನಕ್ಕರು. ಬಟ್ಟಲನ್ನು ಮತ್ತೆ ಕಿವಿಗೆ ಎಳೆದುಕೊಂಡು, "ವಸಿ ಜೋರು ಮಾಡು ನೋಡವ" ಎಂದರು. ನಾಬ್ ತಿರುಗಲು ಇನ್ನೂ ಜಾಗವಿತ್ತು. ನಾನು ತಿರುಗಿಸಲಿಲ್ಲ. ಬಿ ಬದಿಯ ಫೈಲು ಹಾಕಿದೆ, ಅದರಲ್ಲಿ ತಂಬೂರಿಯೇ ಹೆಚ್ಚು.