ಪಾಠದ ಭಾಷೆ, ಒಲೆಯ ಭಾಷೆ

ಅಧ್ಯಾಪಕವೃತ್ತಿಯಿಂದ ನಿವೃತ್ತನಾದವನಿಗೆ ದೊರೆಯಬಹುದಾದ ಸುಖಗಳಲ್ಲಿ ಪುನಃ ವಿದ್ಯಾರ್ಥಿಯಾಗುವ ಸುಖವೇ ದೊಡ್ಡದೆಂದು ನನ್ನ ಎಣಿಕೆ. ನನ್ನ ಮಗಳು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ವೈದ್ಯಳಾಗಿದ್ದಾಳೆ. ಆಕೆಯ ಬಳಿಗೆ ಬರುವ ರೋಗಿಗಳಲ್ಲಿ ಅನೇಕರು ಸ್ಪ್ಯಾನಿಷ್ ಮಾತನಾಡುವವರು. ಅವರ ನೋವನ್ನು ದುಭಾಷಿಯ ಬಾಯಿಂದ ಕೇಳುವುದು ಆಕೆಗೆ ಸಮಾಧಾನವಾಗದು. ಆದುದರಿಂದ ಒಂದು ತಿಂಗಳ ರಜೆ ಪಡೆದು, ಆ ಭಾಷೆಯನ್ನು ಕಲಿಯುವುದಕ್ಕಾಗಿ ಗ್ವಾತೆಮಾಲಾ ದೇಶದ ಸಾನ್ ಪೇದ್ರೋ ಲಾ ಲಗೂನಾ ಎಂಬ ಊರಿಗೆ ಹೊರಟಳು. “ಅಪ್ಪಾ, ನೀವೂ ಬನ್ನಿ, ಒಟ್ಟಿಗೆ ಕಲಿಯೋಣ” ಎಂದಳು. ತರುಣರಂತೆ ಬೆನ್ನಿಗೊಂದು ಚೀಲವನ್ನೇರಿಸಿಕೊಂಡು ನಾನೂ ಹೊರಟೆನು.

ಆ ಊರು ಆತಿತ್ಲಾನ್ ಎಂಬ ಸರೋವರದ ದಡದಲ್ಲಿದೆ. ಬಹು ಪುರಾತನ ಕಾಲದಲ್ಲಿ ಮಹಾ ಜ್ವಾಲಾಮುಖಿಯೊಂದು ಸಿಡಿದು, ನೆಲ ಕುಸಿದು ಉಂಟಾದ ಕುಳಿಯಲ್ಲಿ ನೀರು ತುಂಬಿ ಆದ ಸರೋವರವಿದು. ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿರುವ ಈ ಜಲರಾಶಿಯ ಆಳ 300 ಮೀಟರನ್ನು ಮೀರುತ್ತದೆ. ದಕ್ಷಿಣಕ್ಕೆ ಮೂರು ಅಗ್ನಿಪರ್ವತಗಳು ನಿಂತಿವೆ. ಅವುಗಳಲ್ಲೊಂದರ ಬುಡದಲ್ಲಿಯೇ ನಾವು ಇಳಿದುಕೊಂಡ ಊರು. ಸರೋವರದಿಂದ ಹೊರಕ್ಕೆ ಹರಿಯುವ ನದಿಯಿಲ್ಲ. ಮಳೆ ಮಿತಿಮೀರಿದಾಗ ನೀರೇರಿ ದಡದ ಮನೆ ತೋಟಗಳನ್ನು ನುಂಗುವುದುಂಟು. 2010ರ ಚಂಡಮಾರುತದ ತರುವಾಯ ಹಾಗೆಯೇ ಆಯಿತು. ಬೆಳಗ್ಗೆ ಕನ್ನಡಿಯಂತಿರುವ ನೀರು ಮಧ್ಯಾಹ್ನ ಶೊಕೊಮಿಲ್ ಎಂಬ ಗಾಳಿ ಎದ್ದೊಡನೆ ಕಡಲಿನಂತೆ ಏಳುತ್ತದೆ. ಎದುರುದಡದ ಪನಹಚೆಲ್‌ನಿಂದ ದೋಣಿಯಲ್ಲಿ ಬರುವವರು ಬೆಳಗ್ಗೆಯೇ ದಾಟುವುದು ಲೇಸು.

ನಾನಾ ದೇಶಗಳ ತರುಣ ತರುಣಿಯರು ಬೆನ್ನುಚೀಲಗಳೊಡನೆ ಇಲ್ಲಿಗೆ ಬರುತ್ತಾರೆ. ಅವರಿಗಾಗಿ ಸ್ಪ್ಯಾನಿಷ್ ಕಲಿಸುವ ಶಾಲೆಗಳು ಹಲವು ಇವೆ. ಒಬ್ಬ ಶಿಷ್ಯನಿಗೆ ಒಬ್ಬ ಗುರು; ದಿನಕ್ಕೆ ನಾಲ್ಕು ಗಂಟೆ ಪಾಠ; ಊಟ ವಸತಿ ಊರಿನ ಒಂದು ಮನೆಯಲ್ಲಿ. ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಓದಿದ ನನಗೆ ಈ ಕ್ರಮ ಪರಕೀಯವೆನಿಸಲಿಲ್ಲ. ಶಿಷ್ಯನು ಗುರುವಿಗಿಂತ ಮೂವತ್ತು ವರ್ಷ ಹಿರಿಯನೆಂಬುದೊಂದೇ ವಿಶೇಷ.

ಸಂಸ್ಕೃತ ಬಲ್ಲವನಿಗೆ ಸ್ಪ್ಯಾನಿಷ್ ದೂರದ ನಂಟನ ಮನೆಯಿದ್ದಂತೆ. ದೋಸ್, ತ್ರೇಸ್, ಸಿಯೇತೆ, ಓಚೋ ಎಂಬ ಸಂಖ್ಯೆಗಳಲ್ಲಿ ದ್ವಿ, ತ್ರಿ, ಸಪ್ತ, ಅಷ್ಟಗಳು ಮುಖ ತೋರುತ್ತವೆ. ‘ಇರು’ ಎಂಬರ್ಥಕ್ಕೆ ಅಲ್ಲಿ ಎರಡು ಧಾತುಗಳು: ಸ್ವಭಾವವನ್ನು ಹೇಳಲು ಒಂದು, ಅವಸ್ಥೆಯನ್ನು ಹೇಳಲು ಇನ್ನೊಂದು. ಮೊದಲನೆಯದರ ‘ಏಸ್’ ಎಂಬ ರೂಪ ನಮ್ಮ ‘ಅಸ್ತಿ’ಗೆ ಬಂಧು, ಎರಡನೆಯದು ‘ಸ್ಥಾ’ ಧಾತುವಿಗೆ ಬಂಧು. ‘ಲಿಸ್ತೋ’ ಎಂಬ ಶಬ್ದ ಮೊದಲನೆಯದರೊಡನೆ ಕೂಡಿದರೆ ಜಾಣನೆಂದೂ, ಎರಡನೆಯದರೊಡನೆ ಕೂಡಿದರೆ ಸಿದ್ಧನಾಗಿದ್ದಾನೆಂದೂ ಅರ್ಥ. ಗೌರವದ ‘ಉಸ್ತೇದ್’ ಎಂಬ ಸರ್ವನಾಮವು ‘ತಮ್ಮ ಕೃಪೆ’ ಎಂಬಂಥ ಮಾತು ಸವೆದು ಆದದ್ದು. ಆದುದರಿಂದ ಎದುರಿಗಿರುವವರನ್ನೇ ಕುರಿತು ಹೇಳಿದರೂ ಕ್ರಿಯಾಪದ ಪ್ರಥಮಪುರುಷದ್ದು. ‘ಭವಾನ್’ ಶಬ್ದದ ಗತಿಯೂ ಇದೇ ಅಲ್ಲವೆ? ಇದನ್ನು ನಾನು ವಿವರಿಸಿದಾಗ ನಮ್ಮ ಅಧ್ಯಾಪಿಕೆ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಆದರೆ ನಾನು ಹೇಳಹೊರಟದ್ದು ಈ ಪಾಂಡಿತ್ಯದ ಮಾತನ್ನಲ್ಲ. ಆ ಊರಿನವರ ತಾಯಿನುಡಿ ಸ್ಪ್ಯಾನಿಷ್ ಅಲ್ಲ. ಮಾಯಾ ಭಾಷೆಗಳಲ್ಲೊಂದಾದ ತ್ಸುತುಹಿಲ್. 1524ರಲ್ಲಿ ಪೇದ್ರೋ ದೆ ಅಲ್ವಾರಾದೋ ಎಂಬ ಸ್ಪೇನಿನ ದಂಡನಾಯಕನು ಈ ಜನರನ್ನು ಗೆದ್ದನು. ಆತನೊಡನೆ ಮೆಕ್ಸಿಕೋದಿಂದ ಬಂದ ಯೋಧರ ನಹುವಾತ್ಲ್ ಭಾಷೆಯದು ‘ಆತಿತ್ಲಾನ್’ ಎಂಬ ಹೆಸರು. ‘ನೀರಿನ ಬಳಿಯ ಸ್ಥಳ’ವೆಂಬರ್ಥ. ಹೀಗೆ ಸರೋವರವು ಪರರ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿದೆ. 2003ರ ಕಾನೂನು ಮಾಯಾ ಭಾಷೆಗಳಿಗೆ ರಾಷ್ಟ್ರೀಯ ಭಾಷೆಗಳ ಮನ್ನಣೆ ಕೊಟ್ಟಿತು. ಆದರೂ ಜೀವನೋಪಾಯದ ಭಾಷೆ ಬೇರೆಯೇ ಆಗಿದೆ.

ನಾವಿದ್ದ ಮನೆಯ ಅಜ್ಜಿ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟನ್ನು ಕೈಯಲ್ಲಿ ತಟ್ಟಿ ರೊಟ್ಟಿ ಮಾಡುತ್ತಿದ್ದಳು. ಆ ಸದ್ದು ನಮ್ಮ ಸೀಮೆಯ ಅಡಿಗೆಮನೆಯನ್ನು ನೆನಪಿಗೆ ತರುತ್ತಿತ್ತು. ಒಲೆಯ ಸುತ್ತ ತ್ಸುತುಹಿಲ್ ಮಾತು, ನಗೆ. ನಾವು ಒಳಗೆ ಕಾಲಿಟ್ಟೊಡನೆ ಎಲ್ಲರೂ ಸ್ಪ್ಯಾನಿಷಿಗೆ ತಿರುಗುತ್ತಿದ್ದರು. ನಮ್ಮ ಅಭ್ಯಾಸಕ್ಕೆ ಅನುಕೂಲವಾಗಲೆಂಬ ಸೌಜನ್ಯವದು. ಸ್ಪ್ಯಾನಿಷ್ ಅಷ್ಟಾಗಿ ಬಾರದ ಅಜ್ಜಿ ಮಾತ್ರ ಆಗ ಮೌನವಾಗುತ್ತಿದ್ದಳು. ತನ್ನ ಮನೆಯಲ್ಲಿ, ತನ್ನ ಒಲೆಯ ಮುಂದೆ!

ಅಧ್ಯಾಪಿಕೆಯನ್ನು ಈ ವಿಷಯವಾಗಿ ಕೇಳಿದೆನು. “ನನಗೂ ಸ್ಪ್ಯಾನಿಷ್ ಶಾಲೆಯಲ್ಲಿ ಬಂದದ್ದೇ. ಈಗ ಅದನ್ನು ಕಲಿಸಿ ಮನೆ ನಡೆಸುತ್ತೇನೆ. ನನ್ನ ಮಗ ಅಜ್ಜಿ ಕೇಳಿದ್ದಕ್ಕೆಲ್ಲ ಸ್ಪ್ಯಾನಿಷಿನಲ್ಲಿ ಉತ್ತರ ಕೊಡುತ್ತಾನೆ” ಎಂದಳು. ದೂರುವ ಧ್ವನಿಯಿರಲಿಲ್ಲ. ಪಾಠದ ಕೊನೆಯ ಅರ್ಧಗಂಟೆ ತ್ಸುತುಹಿಲ್ ಹೇಳಿಕೊಡಬೇಕೆಂದು ನಾನು ಬೇಡಿಕೊಂಡೆನು. ಇಲ್ಲಿ ಸಂಸ್ಕೃತದ ಬೀಗದಕೈ ನಡೆಯದು. ನೀರಿಗೆ ‘ಯಾ’ ಎಂದು ಉಸಿರನ್ನು ಗಂಟಲಲ್ಲಿ ತಟ್ಟನೆ ತಡೆಯಬೇಕು, ಮನೆಗೆ ‘ಹಾಯ್’, ಹಕ್ಕಿಗೆ ‘ತ್ಸಿಕಿನ್’. ಬಾಲಕನಂತೆ ಕೇಳಿ ಕೇಳಿಯೇ ಕಲಿಯಬೇಕು.

ಆ ರಾತ್ರಿ ಊಟದ ಹೊತ್ತಿನಲ್ಲಿ ಅಜ್ಜಿಯನ್ನು ಆಕೆಯ ನುಡಿಯಲ್ಲಿ ನೀರು ಕೇಳಿದೆನು. ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಉಚ್ಚಾರಣೆಯನ್ನು ಮೂರು ಸಲ ತಿದ್ದಿದಳು. ಆಮೇಲೆ ನಕ್ಕು ನೀರು ಕೊಟ್ಟಳು. ಅಂದಿನಿಂದ ಆಕೆ ಮಾತನಾಡುವುದು, ಮೊಮ್ಮಗನು ಅದನ್ನು ನಮಗೆ ಸ್ಪ್ಯಾನಿಷಿನಲ್ಲಿ ಬಿಡಿಸಿ ಹೇಳುವುದು. ದುಭಾಷಿಯಾಗಬೇಕಾದರೆ ಹುಡುಗನಿಗೆ ಅಜ್ಜಿಯ ಮಾತು ಚೆನ್ನಾಗಿ ತಿಳಿಯಬೇಕಷ್ಟೆ! ತಿಳಿಯದ ಶಬ್ದವನ್ನು ಅವನು ಆಕೆಯನ್ನೇ ಕೇಳತೊಡಗಿದನು.

ನನ್ನ ಮಗಳಿಗೂ ಇದರಿಂದ ಒಂದು ವಿಷಯ ಗೋಚರಿಸಿತು. ಗ್ವಾತೆಮಾಲಾದಿಂದ ಕ್ಯಾಲಿಫೋರ್ನಿಯಾಕ್ಕೆ ಬರುವವರಲ್ಲಿ ಮಾಯಾ ಭಾಷೆಗಳನ್ನೇ ಮನೆಮಾತಾಗಿ ಉಳ್ಳವರೂ ಇದ್ದಾರೆ. ಅವರು ವೈದ್ಯರ ಮುಂದೆ ಕಲಿತ ಸ್ಪ್ಯಾನಿಷಿನಲ್ಲಿ ನೋವನ್ನು ಹೇಳಲು ತಡವರಿಸುವುದುಂಟು. “ಇನ್ನು ಮುಂದೆ ರೋಗಿಯನ್ನು, ಮನೆಯಲ್ಲಿ ಯಾವ ಮಾತು ಎಂದು ಮೊದಲು ಕೇಳುತ್ತೇನೆ” ಎಂದಳು.

ವಾಚಕರ ಮನೆಗಳಿಗೂ ಅತಿಥಿಗಳು ಬರುತ್ತಾರೆ. ಅವರೆದುರಿಗೆ ಮಕ್ಕಳಿಂದ ಇಂಗ್ಲಿಷ್ ನುಡಿಸಿ ನಾವು ಹಿಗ್ಗುವುದುಂಟು. ಆಗ ಮೂಲೆಯಲ್ಲಿ ಕುಳಿತ ಅಜ್ಜಿ ಏನು ಮಾಡುತ್ತಾಳೆಂಬುದನ್ನು ನೋಡುವವರು ಕಡಮೆ. ಜೀವನಕ್ಕೆ ಬೇಕಾದ ಭಾಷೆಯನ್ನು ಕಲಿಯಬಾರದೆಂದು ನಾನು ಹೇಳುವವನಲ್ಲ. ಅದನ್ನು ಕಲಿಸಿಯೇ ಆ ಅಧ್ಯಾಪಿಕೆ ತನ್ನ ಸಂಸಾರವನ್ನು ಸಾಕುತ್ತಿದ್ದಾಳೆ. ಕಲಿಯಲು ಹೋದವನು ಆ ಮನೆಯವರ ಮಾತಿನಲ್ಲಿ ನೀರನ್ನಾದರೂ ಕೇಳಲು ಕಲಿಯಲಿ ಎಂಬುದಿಷ್ಟೇ ನನ್ನ ವಿನಂತಿ.